ಕತ್ತಲೆಗೆ ಕೊರತೆಯೊಂದೇ ಕಾರಣವೆ? – ಐಬೀರಿಯ ವಿದ್ಯುಜ್ಜಾಲದ ಕುಸಿತ ಮತ್ತು ಅದರ ವಿವರಣೆಗಳು

2025ರ ಏಪ್ರಿಲ್ 28, ಸೋಮವಾರ. ಸ್ಪೇನಿನಲ್ಲಿ ಆಗ ಮಧ್ಯಾಹ್ನ 12 ಗಂಟೆ 33 ನಿಮಿಷ. ಬಿಸಿಲು ಚೆನ್ನಾಗಿತ್ತು. ಆ ಹೊತ್ತಿನ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೌರ ವಿದ್ಯುತ್ತಿನದೇ ಆಗಿತ್ತು. ದೇಶದ ಬೇಡಿಕೆಯೆಲ್ಲ ಪೂರೈಕೆಯಾಗಿ ಮಿಕ್ಕ ವಿದ್ಯುತ್ತು ಫ್ರಾನ್ಸ್, ಪೋರ್ಚುಗಲ್, ಮೊರಾಕೊ ದೇಶಗಳಿಗೆ ರಫ್ತಾಗುತ್ತಿತ್ತು. ಹೀಗಿರುವಾಗ, ಮೊದಲ ದೊಡ್ಡ ಸಂಪರ್ಕ ಕಡಿದು ಅರ್ಧ ನಿಮಿಷ ಕಳೆಯುವುದರೊಳಗೆ ಸ್ಪೇನ್ ಮತ್ತು ಪೋರ್ಚುಗಲ್‌ಗಳ ಮುಖ್ಯ ಭೂಭಾಗವೆಲ್ಲ ವಿದ್ಯುತ್ತಿಲ್ಲದಂತಾಯಿತು. ರೈಲುಗಳು ಹಳಿಗಳ ಮೇಲೆಯೇ ನಿಂತವು. ಸಂಚಾರ ದೀಪಗಳು, ದೂರವಾಣಿ ಜಾಲಗಳು ಕೈಕೊಟ್ಟವು. ಪೋರ್ಚುಗಲ್‌ನಲ್ಲಿ ಜಾಲ ಪುನಃ ಸ್ಥಾಪನೆಯಾದಾಗ ಮಧ್ಯರಾತ್ರಿ ಕಳೆದಿತ್ತು. ಸ್ಪೇನಿನಲ್ಲಿ ಮರುದಿನ ನಸುಕಿನ ನಾಲ್ಕು ಗಂಟೆಯಾಗಿತ್ತು.

ದೀಪ ಮತ್ತೆ ಹೊತ್ತುವ ಮೊದಲೇ ಎರಡು ವಿವರಣೆಗಳು ಹೊರಟವು. "ಸೂರ್ಯನನ್ನೂ ಗಾಳಿಯನ್ನೂ ನಂಬಿದರೆ ಹೀಗೇ ಆಗುವುದು" ಎಂಬುದು ಒಂದು. "ನವೀಕರಿಸಬಹುದಾದ ಶಕ್ತಿಗೂ ಈ ಘಟನೆಗೂ ಸಂಬಂಧವೇ ಇಲ್ಲ" ಎಂಬುದು ಇನ್ನೊಂದು. ಈ ವಾದ ಸ್ಪೇನಿಗಷ್ಟೇ ಸೇರಿದ್ದಲ್ಲ. ನಮ್ಮ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ತರಗತಿಗಳಲ್ಲಿ ಕೂಡ ಇವೆರಡರಲ್ಲಿ ಒಂದನ್ನು ನೀವು ಕೇಳಿರಬಹುದು. ಈ ವಿವರಣೆಗಳನ್ನು ಭೌತವಿಜ್ಞಾನದ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಎರಡೂ ಬೇರೆ ಬೇರೆ ಕಾರಣಕ್ಕೆ ಸೋಲುತ್ತವೆ. ಎರಡೂ ಸೋಲುವ ಜಾಗದಲ್ಲಿಯೇ ನಾವು ಕಲಿಯಬೇಕಾದ ಪಾಠವಿದೆ.

ನಮಗೆ ಅಭ್ಯಾಸವಾದ ಮಾದರಿ

ಕರೆಂಟ್ ಹೋಯಿತೆಂದರೆ ನಮಗೆ ಮೊದಲು ಹೊಳೆಯುವುದು ಕೊರತೆ. ಅಣೆಕಟ್ಟೆಯಲ್ಲಿ ನೀರಿಲ್ಲ, ಕಲ್ಲಿದ್ದಲು ಬಂದಿಲ್ಲ, ಆದ್ದರಿಂದ ಲೋಡ್ ಶೆಡ್ಡಿಂಗ್. ಇದು ಅನುಭವದಿಂದ ಬಂದ ತಿಳಿವಳಿಕೆ, ತಪ್ಪೇನಲ್ಲ. ಆದರೆ ಲೋಡ್ ಶೆಡ್ಡಿಂಗ್ ಮತ್ತು ಜಾಲದ ಕುಸಿತ ಒಂದೇ ಅಲ್ಲ. ಲೋಡ್ ಶೆಡ್ಡಿಂಗ್ ಎಂಬುದು ಜಾಲವನ್ನು ಉಳಿಸಿಕೊಳ್ಳಲು ನಿಯಂತ್ರಕರು ಬೇಕೆಂದೇ ಮಾಡುವ ಕಡಿತ. ಕುಸಿತದಲ್ಲಿ ಜಾಲವೇ ನಿಯಂತ್ರಣ ತಪ್ಪಿ ಬೀಳುತ್ತದೆ. ಮೊದಲನೆಯದಕ್ಕೆ ಕೊರತೆ ಕಾರಣ. ಎರಡನೆಯದು ಸಮೃದ್ಧಿಯ ನಡುವೆಯೂ ಆಗಬಹುದು.

ಕೊರತೆಯನ್ನು ಜಾಲವು ತೋರಿಸುವುದು ಆವೃತ್ತಿಯ ಮೂಲಕ. ನಮ್ಮಲ್ಲೂ ಯೂರೋಪಿನಲ್ಲೂ ಪರ್ಯಾಯ ವಿದ್ಯುತ್ತಿನ ನಿಗದಿತ ಆವೃತ್ತಿ 50 ಹರ್ಟ್ಸ್. ಉತ್ಪಾದನೆಗಿಂತ ಬೇಡಿಕೆ ಹೆಚ್ಚಾದರೆ ತಿರುಗುವ ಜನರೇಟರುಗಳ ವೇಗ ತಗ್ಗಿ ಆವೃತ್ತಿ ಇಳಿಯುತ್ತದೆ. ಬೇಡಿಕೆ ಕಡಿಮೆಯಾದರೆ ಏರುತ್ತದೆ. ತಕ್ಕಡಿಯ ಮುಳ್ಳಿನಂತೆ ಇದು ಎರಡೂ ಕಡೆಯ ತೂಕವನ್ನು ಹೇಳುತ್ತದೆ. ಭಾರತದಲ್ಲಿ ಈ ಮುಳ್ಳನ್ನು 49.90 ಮತ್ತು 50.05 ಹರ್ಟ್ಸ್‌ಗಳ ನಡುವೆ ಇಟ್ಟುಕೊಳ್ಳಬೇಕೆಂಬ ನಿಯಮವಿದೆ.

ಈ ಕೆಲಸ ಎಷ್ಟು ಚೆನ್ನಾಗಿ ಸಾಧ್ಯ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶದಾದ್ಯಂತ ಜನ 9 ನಿಮಿಷ ಮನೆದೀಪ ಆರಿಸಿದ್ದು ನಿಮಗೆ ನೆನಪಿರಬೇಕು. ಆಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಜಾಲ ನಿಯಂತ್ರಕರು ಮುಖ್ಯವಾಗಿ ಜಲವಿದ್ಯುತ್ತನ್ನು ಇಳಿಸಿ, ಬಳಿಕ ಏರಿಸಿ ಆವೃತ್ತಿಯನ್ನು 49.70 ಮತ್ತು 50.26 ಹರ್ಟ್ಸ್‌ಗಳ ನಡುವೆ ಹಿಡಿದಿಟ್ಟರು. ಸ್ಪೇನಿನಲ್ಲಿ ಕುಸಿತಕ್ಕೆ ಮುನ್ನ ಕಡಿದುಹೋದ ಉತ್ಪಾದನೆ ಸುಮಾರು 2,500 ಮೆಗಾವ್ಯಾಟ್. ನಮ್ಮದು ಬಹು ದೊಡ್ಡ ಜಾಲ, ಮೇಲಾಗಿ ಮುನ್ಸೂಚನೆಯೂ ಇತ್ತು, ನಿಜ. ಆದರೂ ಮೆಗಾವ್ಯಾಟುಗಳ ಲೆಕ್ಕವೊಂದರಿಂದಲೇ ಸ್ಪೇನಿನ ಕತ್ತಲೆಯನ್ನು ವಿವರಿಸಲಾಗದು ಎಂಬ ಸಂಶಯ ನಿಮಗೆ ಇಲ್ಲಿಯೇ ಬರಬೇಕು.

ಜಡತ್ವದ ವಿವರಣೆ

ಸೌರ ವಿದ್ಯುತ್ತನ್ನು ದೂರುವವರಲ್ಲಿ ಸ್ವಲ್ಪ ತಿಳಿದವರು ಜಡತ್ವದ ಮಾತು ಎತ್ತುತ್ತಾರೆ. ಇದು ಗಂಭೀರ ವಾದ. ಶರಾವತಿಯ ಜನರೇಟರಾಗಲಿ, ರಾಯಚೂರಿನ ಉಗಿ ಟರ್ಬೈನಾಗಲಿ ನೂರಾರು ಟನ್ ತೂಕದ ತಿರುಗುವ ರಾಶಿ. ಅದರಲ್ಲಿ ಚಲನಶಕ್ತಿ ಸಂಚಯವಾಗಿರುತ್ತದೆ. ಎಲ್ಲಿಯೋ ಒಂದು ಸ್ಥಾವರ ಕಡಿದುಹೋದಾಗ ಉಳಿದ ಯಂತ್ರಗಳು ಆ ಕ್ಷಣಕ್ಕೆ ತಮ್ಮ ಚಲನಶಕ್ತಿಯನ್ನೇ ಜಾಲಕ್ಕೆ ಕೊಟ್ಟು ಆವೃತ್ತಿ ಇಳಿಯುವ ವೇಗವನ್ನು ತಡೆಯುತ್ತವೆ. ಸೌರ ಫಲಕದಲ್ಲಿ ತಿರುಗುವುದು ಏನೂ ಇಲ್ಲ. ಅದರ ಏಕಮುಖ ವಿದ್ಯುತ್ತನ್ನು ಇನ್‌ವರ್ಟರ್ ಎಂಬ ವಿದ್ಯುನ್ಮಾನ ಸಾಧನ ಪರ್ಯಾಯ ವಿದ್ಯುತ್ತಾಗಿಸಿ ಜಾಲಕ್ಕೆ ಸೇರಿಸುತ್ತದೆ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಂದು ಕಲ್ಪಿತ ಜಾಲದಲ್ಲಿ ತಿರುಗುವ ಯಂತ್ರಗಳ ಒಟ್ಟು ಚಲನಶಕ್ತಿ ಒಂದು ಲಕ್ಷ ಮೆಗಾಜೂಲ್ ಇರಲಿ. ಹಠಾತ್ತನೆ 2,000 ಮೆಗಾವ್ಯಾಟ್ ಕೊರತೆಯಾದರೆ ಸೆಕೆಂಡಿಗೆ 2,000 ಮೆಗಾಜೂಲ್ ಈ ಸಂಚಯದಿಂದ ಹೋಗಬೇಕು, ಅಂದರೆ ಶೇಕಡಾ 2. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೇಗದ ಇಳಿಕೆ ಅದರ ಅರ್ಧ, ಶೇಕಡಾ 1. 50 ಹರ್ಟ್ಸ್‌ನ ಶೇಕಡಾ 1 ಎಂದರೆ ಸೆಕೆಂಡಿಗೆ ಅರ್ಧ ಹರ್ಟ್ಸ್. ಚಲನಶಕ್ತಿ ಅರ್ಧಕ್ಕಿಳಿದರೆ ಆವೃತ್ತಿ ಎರಡರಷ್ಟು ವೇಗದಲ್ಲಿ ಬೀಳುತ್ತದೆ, ರಕ್ಷಣೆಗೆ ಸಿಗುವ ಸಮಯ ಅರ್ಧವಾಗುತ್ತದೆ. ಸೌರ ಪಾಲು ಹೆಚ್ಚಿದಂತೆ ಜಡತ್ವದ ಚಿಂತೆ ಏಕೆ ಹೆಚ್ಚುತ್ತದೆಂಬುದು ಇದರಿಂದ ಸ್ಪಷ್ಟ.

ಆದರೆ ವಾದ ಸರಿಯಿದ್ದ ಮಾತ್ರಕ್ಕೆ ಅದು ಈ ಘಟನೆಗೆ ಅನ್ವಯಿಸಬೇಕೆಂದಿಲ್ಲ. ಐಬೀರಿಯದಲ್ಲಿ ಆವೃತ್ತಿ ಕುಸಿದದ್ದು ಹೌದು; ಅದು ಕುಸಿದದ್ದು ಸ್ಥಾವರಗಳು ಸಾಲುಸಾಲಾಗಿ ಕಡಿದುಹೋದ ಮೇಲೆ. ಅವು ಕಡಿದುಹೋದದ್ದು ವೋಲ್ಟೇಜು ಏರಿದ್ದರಿಂದ. ಜಡತ್ವದ ಕೊರತೆ ಈ ಕುಸಿತದ ಮೂಲವಲ್ಲ ಎಂದು ಸ್ಪೇನ್ ಸರ್ಕಾರದ ತನಿಖಾ ವರದಿಯೂ ಹೇಳಿತು. ರೋಗಿಗೆ ಜ್ವರ ಬಂದದ್ದು ನಿಜವಾದರೂ ಜ್ವರವೇ ರೋಗವಲ್ಲ.

ವ್ಯಾಟಿಲ್ಲದ ಪ್ರವಾಹ

ವೋಲ್ಟೇಜು ಏಕೆ ಏರಿತೆಂದು ತಿಳಿಯಬೇಕಾದರೆ ದ್ವಿತೀಯ ಪಿಯುಸಿಯ ಭೌತವಿಜ್ಞಾನದಲ್ಲಿ ನಾವು ಬೇಗನೆ ದಾಟಿಹೋಗುವ ಒಂದು ಭಾಗಕ್ಕೆ ಹಿಂತಿರುಗಬೇಕು. ಪರ್ಯಾಯ ವಿದ್ಯುನ್ಮಂಡಲದಲ್ಲಿ ಕೆಪಾಸಿಟರ್ ಅಥವಾ ಇಂಡಕ್ಟರ್ ಇದ್ದಾಗ ಪ್ರವಾಹವೂ ವೋಲ್ಟೇಜೂ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಆಗ ಪ್ರವಾಹದ ಒಂದು ಭಾಗ ಸರಾಸರಿಯಲ್ಲಿ ಯಾವ ಕೆಲಸವನ್ನೂ ಮಾಡದೆ ಮೂಲಕ್ಕೂ ಸಾಧನಕ್ಕೂ ನಡುವೆ ಓಡಾಡುತ್ತಿರುತ್ತದೆ. ಪಠ್ಯಪುಸ್ತಕ ಇದನ್ನು ವ್ಯಾಟ್‌ರಹಿತ ಪ್ರವಾಹ ಎನ್ನುತ್ತದೆ. ಇದಕ್ಕೆ ಸಂಬಂಧಿಸಿದ ಪರಿಮಾಣವನ್ನು ವಿದ್ಯುತ್ ಇಂಜಿನಿಯರುಗಳು ರಿಯಾಕ್ಟಿವ್ ಪವರ್ ಎಂದು ಕರೆದು ಮೆಗಾವಾರ್‌ಗಳಲ್ಲಿ ಅಳೆಯುತ್ತಾರೆ.

ಕೆಲಸ ಮಾಡದ ಪ್ರವಾಹ ಎಂದಾಕ್ಷಣ ವಿದ್ಯಾರ್ಥಿ ಅದನ್ನು ಅಮುಖ್ಯವೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ಜಾಲದ ವೋಲ್ಟೇಜನ್ನು ಹಿಡಿದಿಡುವುದು ಬಹುಮಟ್ಟಿಗೆ ಇದೇ. ಒಂದು ಪ್ರದೇಶದಲ್ಲಿ ರಿಯಾಕ್ಟಿವ್ ಪವರ್ ಸಾಲದಿದ್ದರೆ ಅಲ್ಲಿ ವೋಲ್ಟೇಜು ಇಳಿಯುತ್ತದೆ, ಮಿಕ್ಕಿದರೆ ಏರುತ್ತದೆ. ಸಂಜೆ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ಹಳ್ಳಿಯ ದೀಪ ಮಂಕಾಗುವುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಮೋಟಾರು ಇಂಡಕ್ಟರಿನಂತೆ ವರ್ತಿಸಿ ರಿಯಾಕ್ಟಿವ್ ಪವರನ್ನು ಎಳೆದುಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧ ಸ್ಥಿತಿಯೂ ಉಂಟು. ನೂರಾರು ಕಿಲೋಮೀಟರು ಉದ್ದದ 400 ಕಿಲೋವೋಲ್ಟ್ ತಂತಿ ಮತ್ತು ನೆಲ ಸೇರಿ ಒಂದು ದೊಡ್ಡ ಕೆಪಾಸಿಟರ್ ಆಗುತ್ತವೆ. ತಂತಿಯಲ್ಲಿ ಭಾರೀ ಪ್ರವಾಹವಿದ್ದರೆ ಅದರ ಇಂಡಕ್ಟಿವ್ ಗುಣವೇ ಮೇಲುಗೈಯಾಗಿ ರಿಯಾಕ್ಟಿವ್ ಪವರ್ ಖರ್ಚಾಗುತ್ತದೆ. ಪ್ರವಾಹ ಕಡಿಮೆಯಾದಾಗ ಕೆಪಾಸಿಟರ್ ಗುಣ ಮುಂದಾಗಿ ತಂತಿಯೇ ರಿಯಾಕ್ಟಿವ್ ಪವರ್ ಉತ್ಪಾದಿಸತೊಡಗುತ್ತದೆ. ಆಗ ತಂತಿಯ ಆಚೆ ತುದಿಯ ವೋಲ್ಟೇಜು ಈಚೆ ತುದಿಗಿಂತ ಹೆಚ್ಚಾಗುವುದೂ ಸಾಧ್ಯ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಫೆರಾಂಟಿ ಪರಿಣಾಮ ಎಂದು ಕಲಿಸುತ್ತಾರೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಒಂದೇ ಜಾಲದಲ್ಲಿ ಆವೃತ್ತಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಬೀದರಿನಲ್ಲಿ ಅಳೆದದ್ದೂ ಗುವಾಹಟಿಯಲ್ಲಿ ಅಳೆದದ್ದೂ ಒಂದೇ. ವೋಲ್ಟೇಜು ಹಾಗಲ್ಲ, ಅದು ಆಯಾ ಸ್ಥಳದ್ದು. ರಿಯಾಕ್ಟಿವ್ ಪವರನ್ನು ತಂತಿಗಳ ಮೂಲಕ ಬಹು ದೂರ ಕಳುಹಿಸುವುದು ಕಷ್ಟ, ದಾರಿಯಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಆವೃತ್ತಿಯನ್ನು ಸಾವಿರ ಕಿಲೋಮೀಟರು ದೂರದ ಸ್ಥಾವರವೂ ಕಾಯಬಲ್ಲುದು. ವೋಲ್ಟೇಜನ್ನು ಕಾಯುವವರು ಅದು ಏರುವ, ಇಳಿಯುವ ಸ್ಥಳದಲ್ಲಿಯೇ ಇರಬೇಕು.

ಆ ಅರ್ಧ ಗಂಟೆ

ಈಗ ಸ್ಪೇನಿಗೆ ಹೋಗೋಣ. ವಸಂತಕಾಲದ ಹಿತವಾದ ಮಧ್ಯಾಹ್ನ, ಬೇಡಿಕೆ ಸಾಧಾರಣ. ಮನೆ, ಕಾರ್ಖಾನೆಗಳ ಮಾಳಿಗೆಯ ಮೇಲಿನ ಫಲಕಗಳು ಸ್ಥಳೀಯ ಅಗತ್ಯದ ಒಂದು ಪಾಲನ್ನು ಪೂರೈಸುತ್ತಿದ್ದವು. ಇಂಥ ದಿನ ಪ್ರಸರಣ ತಂತಿಗಳ ಮೇಲೆ ಭಾರ ಕಡಿಮೆ, ವೋಲ್ಟೇಜು ಮೇಲಕ್ಕೇರುವ ಪ್ರವೃತ್ತಿ ಸಹಜ.

12 ಗಂಟೆ 3 ನಿಮಿಷಕ್ಕೆ ಜಾಲದಲ್ಲಿ ತೂಗಾಟ ಕಾಣಿಸಿಕೊಂಡು ನಾಲ್ಕು ನಿಮಿಷ ನಡೆಯಿತು. ಅದರ ಆವೃತ್ತಿ ಸುಮಾರು 0.6 ಹರ್ಟ್ಸ್. 12 ಗಂಟೆ 19 ನಿಮಿಷಕ್ಕೆ ಎರಡನೆಯ ತೂಗಾಟ, ಇದು 0.2 ಹರ್ಟ್ಸ್ ಆವೃತ್ತಿಯದು. ಯೂರೋಪಿನ ಜಾಲದ ಒಂದು ತುದಿ ಇನ್ನೊಂದು ತುದಿಯ ಎದುರು ನಿಧಾನವಾಗಿ ತೊನೆಯುವ ಪರಿಚಿತ ರೀತಿಯದು. ನಿಯಂತ್ರಕರು ಎರಡನ್ನೂ ಶಮನಗೊಳಿಸಿದರು. ಫ್ರಾನ್ಸಿಗೆ ಹೋಗುವ ವಿದ್ಯುತ್ತನ್ನು ತಗ್ಗಿಸಿದರು, ದೇಶದೊಳಗೆ ಹೆಚ್ಚುವರಿ ತಂತಿಗಳನ್ನು ಜೋಡಿಸಿದರು. ತೂಗಾಟಕ್ಕೆ ಇದು ಸರಿಯಾದ ಮದ್ದು. ಆದರೆ ಮೇಲೆ ಹೇಳಿದ ಕೆಪಾಸಿಟರ್ ಗುಣವನ್ನು ನೆನಪಿಸಿಕೊಳ್ಳಿ. ತಂತಿಗಳು ಹೆಚ್ಚಿದವು, ಒಂದೊಂದರ ಮೇಲಿನ ಭಾರ ಇಳಿಯಿತು. ಒಂದು ಕಾಯಿಲೆಯ ಮದ್ದು ಇನ್ನೊಂದನ್ನು ಕೆರಳಿಸಿತು, ವೋಲ್ಟೇಜು ಏರಿತು.

ಇಂಥ ಹೊತ್ತಿನಲ್ಲಿ ಮಿಕ್ಕ ರಿಯಾಕ್ಟಿವ್ ಪವರನ್ನು ಹೀರಿಕೊಳ್ಳಲು ಯಾರು ಸಿದ್ಧರಿದ್ದರು? ಹಳೆಯ ಮಾದರಿಯ ದೊಡ್ಡ ಜನರೇಟರುಗಳು ತಮ್ಮ ಕ್ಷೇತ್ರಪ್ರವಾಹವನ್ನು ಬದಲಿಸಿ ಈ ಕೆಲಸ ಮಾಡಬಲ್ಲವು, ಮಾಡಬೇಕೆಂಬ ನಿಯಮವೂ ಇತ್ತು. ಸರ್ಕಾರದ ವರದಿಯ ಪ್ರಕಾರ ಆ ದಿನಕ್ಕೆ ಹತ್ತು ಸ್ಥಾವರಗಳನ್ನು ಗೊತ್ತುಮಾಡಲಾಗಿತ್ತು. ಹಿಂದಿನ ದಿನ ಅವುಗಳಲ್ಲಿ ಒಂದು ಲಭ್ಯವಿಲ್ಲವೆಂದಾಗ ಬದಲಿಯನ್ನು ಹಾಕಲಿಲ್ಲ. ಇದ್ದವುಗಳಲ್ಲಿಯೂ ಕೆಲವು ಹೀರಬೇಕಾದಷ್ಟು ಹೀರಲಿಲ್ಲ.

ಸೌರ ಮತ್ತು ಪವನ ಸ್ಥಾವರಗಳ ಸ್ಥಿತಿಯೇ ಬೇರೆ. 2014ರ ನಿಯಮದಂತೆ ಅವು ನಿಗದಿತ ಶಕ್ತಿ ಗುಣಕದಲ್ಲಿ ನಡೆಯಬೇಕಿತ್ತು. ವೋಲ್ಟೇಜು ಏರಲಿ, ಇಳಿಯಲಿ, ತಮ್ಮ ಮೆಗಾವ್ಯಾಟಿಗೆ ತಕ್ಕ ಅನುಪಾತದಲ್ಲಿ ಮಾತ್ರ ರಿಯಾಕ್ಟಿವ್ ಪವರನ್ನು ಹೀರುವುದು ಅಥವಾ ಕೊಡುವುದು. ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಿ. ಶಕ್ತಿ ಗುಣಕ 0.98 ಆದರೆ ರಿಯಾಕ್ಟಿವ್ ಪವರ್ ಮೆಗಾವ್ಯಾಟಿನ ಸುಮಾರು ಐದನೆಯ ಒಂದು ಭಾಗ. 500 ಮೆಗಾವ್ಯಾಟ್ ಕೊಡುವ ಒಂದು ಸೌರ ಸ್ಥಾವರ ಸುಮಾರು 100 ಮೆಗಾವಾರ್ ಹೀರುತ್ತಿದೆ ಎನ್ನೋಣ. ಮಾರುಕಟ್ಟೆಯ ಬೆಲೆ ಇಳಿದದ್ದರಿಂದ ಅದು ಉತ್ಪಾದನೆಯನ್ನು 300 ಮೆಗಾವ್ಯಾಟಿಗೆ ಇಳಿಸಿದರೆ ಹೀರುವುದು 60 ಮೆಗಾವಾರ್‌ಗೆ ಇಳಿಯುತ್ತದೆ. ಹೀರುವುದು ಹೆಚ್ಚಬೇಕಾದ ಹೊತ್ತಿನಲ್ಲಿಯೇ 40 ಮೆಗಾವಾರ್ ಕಡಿಮೆಯಾಯಿತು. ಸ್ಥಾವರ ಯಾವ ನಿಯಮವನ್ನೂ ಮುರಿಯಲಿಲ್ಲ. ನಿಯಮವನ್ನು ಪಾಲಿಸಿಯೇ ಅದು ವೋಲ್ಟೇಜನ್ನು ಮೇಲೆ ತಳ್ಳಿತು.

12 ಗಂಟೆ 32 ನಿಮಿಷ 57 ಸೆಕೆಂಡಿಗೆ ಗ್ರನಾಡ ಪ್ರದೇಶದ ಒಂದು ಟ್ರಾನ್ಸ್‌ಫಾರ್ಮರ್ ಕಡಿದುಹೋಯಿತು. ಅದರ ಮೂಲಕ 355 ಮೆಗಾವ್ಯಾಟ್ ಜಾಲಕ್ಕೆ ಬರುತ್ತಿತ್ತು, 165 ಮೆಗಾವಾರ್ ಜಾಲದಿಂದ ಹೀರಲ್ಪಡುತ್ತಿತ್ತು. ಈ ಎರಡನೆಯ ಸಂಖ್ಯೆಯೇ ಇಲ್ಲಿ ಮುಖ್ಯ. ಹೀರುವವನು ಹೋದನೆಂದರೆ ವೋಲ್ಟೇಜು ಇನ್ನಷ್ಟು ಏರುತ್ತದೆ. ಏರಿದ ವೋಲ್ಟೇಜಿಗೆ ಮುಂದಿನ ಸ್ಥಾವರ ತನ್ನ ರಕ್ಷಣೆಗಾಗಿ ಕಡಿದುಕೊಳ್ಳುತ್ತದೆ. ಅದರಿಂದ ವೋಲ್ಟೇಜು ಮತ್ತೂ ಏರುತ್ತದೆ. 19 ಸೆಕೆಂಡುಗಳ ಬಳಿಕ ಬಡಹೋಸ್ ಪ್ರದೇಶದ ಸೌರ ಸ್ಥಾವರಗಳು, ಮರು ಕ್ಷಣದಲ್ಲಿ ಸೆಗೋವಿಯ, ವೆಲ್ವ, ಸೆವಿಲ್, ಕಾಸೆರೆಸ್ ಪ್ರದೇಶಗಳ ಸೌರ, ಪವನ ಸ್ಥಾವರಗಳು ಕಡಿದುಹೋದವು. 12 ಗಂಟೆ 33 ನಿಮಿಷ 21 ಸೆಕೆಂಡಿಗೆ ಫ್ರಾನ್ಸಿನೊಡನೆ ಇದ್ದ ಪರ್ಯಾಯ ವಿದ್ಯುತ್ ಸಂಪರ್ಕ ತುಂಡಾಯಿತು. ಮೂರು ಸೆಕೆಂಡಿನಲ್ಲಿ ಎಲ್ಲವೂ ಮುಗಿಯಿತು. ವೋಲ್ಟೇಜಿನ ಏರಿಕೆಯಿಂದ ಹೀಗೆ ಸರಣಿಯಾಗಿ ಜಾಲ ಕುಸಿದದ್ದು ಯೂರೋಪಿನಲ್ಲಿ ಇದೇ ಮೊದಲು.

ಕೊನೆಯ ರಕ್ಷಣೆಯ ಕಥೆಯೂ ಪಾಠವೇ. ಆವೃತ್ತಿ ಬಿದ್ದಾಗ ಗ್ರಾಹಕರನ್ನು ತಾನಾಗಿ ಕಡಿದು ಜಾಲವನ್ನು ಉಳಿಸುವ ರಿಲೇಗಳಿವೆ. ಅವು ತಮಗೆ ಹೇಳಿದ ಕೆಲಸ ಮಾಡಿದವು. ಆದರೆ ಗ್ರಾಹಕರನ್ನು ಕಡಿದರೆ ತಂತಿಗಳ ಭಾರ ಇನ್ನೂ ಇಳಿದು ವೋಲ್ಟೇಜು ಏರುತ್ತದೆ. ಕೊರತೆಗೆಂದು ರಚಿಸಿದ ರಕ್ಷಣೆ ಮಿಕ್ಕುವಿಕೆಯ ರೋಗಕ್ಕೆ ಒದಗಲಿಲ್ಲ.

ವರದಿಗಳ ಗುಣ ದೋಷ

ಈ ಘಟನೆಯ ಮೇಲೆ ಸ್ಪೇನ್ ಸರ್ಕಾರದ ಸಮಿತಿ 2025ರ ಜೂನ್ 17ರಂದು ವರದಿ ಕೊಟ್ಟಿತು. ಜಾಲ ನಿರ್ವಾಹಕ ಸಂಸ್ಥೆ ರೆಡ್ ಎಲೆಕ್ಟ್ರಿಕ ಮರುದಿನವೇ ತನ್ನದನ್ನು ಪ್ರಕಟಿಸಿತು. ಯೂರೋಪಿನ ಪ್ರಸರಣ ನಿರ್ವಾಹಕರ ಒಕ್ಕೂಟದ ತಜ್ಞ ಸಮಿತಿ ಅಕ್ಟೋಬರ್ 3ರಂದು ಸಂಗತಿಗಳ ವರದಿಯನ್ನು ಹೊರತಂದಿತು. ಇವುಗಳ ದೊಡ್ಡ ಗುಣವೆಂದರೆ ಘಟನಾಕ್ರಮವನ್ನು ಸೆಕೆಂಡಿನ ಭಾಗಗಳಲ್ಲಿ ಬಿಡಿಸಿಟ್ಟದ್ದು ಮತ್ತು ವೋಲ್ಟೇಜನ್ನು ಚರ್ಚೆಯ ನಡುವಿಗೆ ತಂದದ್ದು. ಒಕ್ಕೂಟದ ವರದಿ ಕಾರಣಗಳ ತೀರ್ಪು ಕೊಡದೆ ಸಂಗತಿಗಳಿಗಷ್ಟೇ ಸೀಮಿತವಾದದ್ದು ವೈಜ್ಞಾನಿಕ ಸಂಯಮ. ಅದನ್ನೇ ತೀರ್ಪೆಂದು ಓದಿದವರ ತಪ್ಪು ಅದರದಲ್ಲ.

ಆಕ್ಷೇಪಗಳೂ ಇವೆ. ಮೊದಲನೆಯದು ಗೋಪ್ಯತೆ. ಸರ್ಕಾರದ ವರದಿಯ ಸಾರ್ವಜನಿಕ ಪ್ರತಿಯಲ್ಲಿ ಸ್ಥಾವರಗಳ ಹೆಸರುಗಳನ್ನು ಮರೆಮಾಡಲಾಗಿದೆ. ಯಾವ ಸ್ಥಾವರ ಎಷ್ಟು ಹೀರಿತು, ಯಾವುದು ಮಿತಿಗೆ ಮೊದಲೇ ಕಡಿದುಕೊಂಡಿತು ಎಂಬುದನ್ನು ಹೊರಗಿನ ವಿಜ್ಞಾನಿ ಪರಿಶೀಲಿಸಲಾರ. ಬೇರೊಬ್ಬರು ಪರೀಕ್ಷಿಸಲಾಗದ ತೀರ್ಮಾನವನ್ನು ನಾವು ಪ್ರಯೋಗಶಾಲೆಯಲ್ಲಿ ಒಪ್ಪುವುದಿಲ್ಲ. ಕೋಟ್ಯಂತರ ಜನರನ್ನು ಕತ್ತಲಿಗೆ ತಳ್ಳಿದ ಘಟನೆಯಲ್ಲಿ ಏಕೆ ಒಪ್ಪಬೇಕು?

ಎರಡನೆಯದು "ಕಾರಣಗಳು ಅನೇಕ" ಎಂಬ ತೀರ್ಮಾನ. ಮಾತು ಸುಳ್ಳಲ್ಲ. ಆದರೆ ಕಾರಣಗಳನ್ನು ಸಾಲಾಗಿ ಪಟ್ಟಿಮಾಡಿ ತೂಗದೆ ಬಿಟ್ಟರೆ ಯಾರೂ ಹೊಣೆಯಲ್ಲದಂತಾಗುತ್ತದೆ. ಆಗ ಆದದ್ದೂ ಅದೇ. ಸ್ಥಾವರಗಳು ಹೀರಬೇಕಾದಷ್ಟು ಹೀರಲಿಲ್ಲವೆಂದು ನಿರ್ವಾಹಕರು, ನಿರ್ವಾಹಕರು ಸಾಕಷ್ಟು ಸ್ಥಾವರಗಳನ್ನು ಗೊತ್ತುಮಾಡಲಿಲ್ಲವೆಂದು ಕಂಪನಿಗಳು ಪರಸ್ಪರ ಬೆರಳು ತೋರಿಸಿದರು. ಪ್ರತಿಯೊಂದು ಕಾರಣದ ಮುಂದೆ ಒಂದೇ ಪ್ರಶ್ನೆ ಇಟ್ಟು ನೋಡಬೇಕಿತ್ತು: ಇದೊಂದು ಸರಿಯಿದ್ದಿದ್ದರೆ ಕುಸಿತ ತಪ್ಪುತ್ತಿತ್ತೆ? ತೂಗಾಟ ಇಲ್ಲದಿದ್ದರೂ ಇನ್ನೊಂದು ದಿನ ಇನ್ನೊಂದು ನೆಪದಿಂದ ವೋಲ್ಟೇಜು ಏರಬಹುದಿತ್ತು. ಒಂದು ಟ್ರಾನ್ಸ್‌ಫಾರ್ಮರ್ ಉಳಿದಿದ್ದರೂ ಮತ್ತೊಂದು ಹೋಗಬಹುದಿತ್ತು. ಸೌರ ಸ್ಥಾವರಗಳು ತಾವಿದ್ದಲ್ಲಿಯೇ ವೋಲ್ಟೇಜಿಗೆ ತಕ್ಕಂತೆ ಹೀರುವ ಕೆಲಸಕ್ಕೆ ನಿಂತಿದ್ದರೆ ಮಾತ್ರ ಸರಣಿಯ ಮೊದಲ ಕೊಂಡಿಗಳೇ ಬೇರೆಯಾಗುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಅಂಚಿನ ಪ್ರಶ್ನೆ. 400 ಕಿಲೋವೋಲ್ಟ್ ಜಾಲದಲ್ಲಿ ಯೂರೋಪಿನ ಇತರ ದೇಶಗಳ ಮೇಲ್ಮಿತಿ 420 ಕಿಲೋವೋಲ್ಟ್ ಆದರೆ ಸ್ಪೇನ್ 435ರವರೆಗೆ ಅನುಮತಿಸಿತ್ತು. ಮಿತಿಯನ್ನು ಮೇಲಕ್ಕೆ ಒಯ್ದಷ್ಟೂ ಅದಕ್ಕೂ ಸ್ಥಾವರಗಳು ಕಡಿದುಕೊಳ್ಳುವ ಮಟ್ಟಕ್ಕೂ ನಡುವಿನ ಅಂತರ ಕಿರಿದಾಗುತ್ತದೆ. ಸೇತುವೆ ಕಟ್ಟುವವರು ಸುರಕ್ಷಾ ಗುಣಕವನ್ನು ಬಿಡುವುದಿಲ್ಲ. ಇಲ್ಲಿ ಅದು ಸವೆದುಹೋಗಿತ್ತು.

ಸಮರ್ಥಕರ ತಪ್ಪು

ಹಾಗಾದರೆ ನವೀಕರಿಸಬಹುದಾದ ಶಕ್ತಿಗೆ ಇದರಲ್ಲಿ ಸಂಬಂಧವೇ ಇಲ್ಲವೆ? ಇದೆ. ಕಡಿದುಹೋದ ಮೊದಲ ಸ್ಥಾವರಗಳಲ್ಲಿ ಬಹುಪಾಲು ಸೌರ, ಪವನ ಸ್ಥಾವರಗಳೇ. ಅವುಗಳಿಂದಾಗಿ ಬದಿಗೆ ಸರಿದ ದೊಡ್ಡ ಜನರೇಟರುಗಳೇ ಹಿಂದೆ ವೋಲ್ಟೇಜು ಕಾಯುತ್ತಿದ್ದವು. ಹಳಬನನ್ನು ಕೆಲಸದಿಂದ ಕಳುಹಿಸಿ, ಅವನು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಹೊಸಬನಿಗೆ ಒಪ್ಪಿಸದಿದ್ದರೆ ಮನೆ ಹೇಗೆ ನಡೆದೀತು?

ಹೊಸಬನಿಗೆ ಸಾಮರ್ಥ್ಯವಿಲ್ಲವೆಂದಲ್ಲ. ಆಧುನಿಕ ಇನ್‌ವರ್ಟರ್ ರಿಯಾಕ್ಟಿವ್ ಪವರನ್ನು ದೊಡ್ಡ ಜನರೇಟರಿಗಿಂತ ವೇಗವಾಗಿ ಹೀರಬಲ್ಲುದು, ಕೊಡಬಲ್ಲುದು. ಸ್ಪೇನಿನಲ್ಲಿ ಅದನ್ನು ಕೇಳಿರಲಿಲ್ಲ ಅಷ್ಟೆ. ಅನುಮತಿಸುವ ಹೊಸ ನಿಯಮಕ್ಕೆ ಅಲ್ಲಿನ ನಿಯಂತ್ರಣ ಆಯೋಗ ಒಪ್ಪಿಗೆ ಕೊಟ್ಟದ್ದು 2025ರ ಜೂನ್‌ನಲ್ಲಿ, ಕುಸಿತದ ಬಳಿಕ. ಕೇಳದ ಸಾಮರ್ಥ್ಯ ಇಲ್ಲದ ಸಾಮರ್ಥ್ಯಕ್ಕೆ ಸಮ.

ಇದೇ ಪಾಠವನ್ನು ದಕ್ಷಿಣ ಆಸ್ಟ್ರೇಲಿಯ ರಾಜ್ಯ ಒಂಬತ್ತು ವರ್ಷ ಮೊದಲೇ ಬೇರೆ ರೀತಿಯಲ್ಲಿ ಕಲಿತಿತ್ತು. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ಪ್ರಸರಣ ಗೋಪುರಗಳು ಉರುಳಿ ವೋಲ್ಟೇಜು ಮತ್ತೆ ಮತ್ತೆ ಕುಗ್ಗಿತು. ಒಂಬತ್ತು ಪವನ ಸ್ಥಾವರಗಳಲ್ಲಿ, ಇಂಥ ಕುಗ್ಗುವಿಕೆ ಇಂತಿಷ್ಟು ಬಾರಿಗಿಂತ ಹೆಚ್ಚಾದರೆ ಉತ್ಪಾದನೆ ಇಳಿಸು ಎಂಬ ಹೊಂದಾಣಿಕೆ ಇತ್ತು. ಅದು ಜಾಲ ನಿರ್ವಾಹಕರಿಗೆ ತಿಳಿದಿರಲಿಲ್ಲ. ಏಳು ಸೆಕೆಂಡಿಗೂ ಕಡಿಮೆ ಸಮಯದಲ್ಲಿ 456 ಮೆಗಾವ್ಯಾಟ್ ಹೋಯಿತು. ನೆರೆಯ ವಿಕ್ಟೋರಿಯದ ಸಂಪರ್ಕ ಭಾರ ತಾಳದೆ ಕಡಿಯಿತು. ಸುಮಾರು ಎಂಟೂವರೆ ಲಕ್ಷ ಗ್ರಾಹಕರು ಕತ್ತಲಲ್ಲಿ ಉಳಿದರು. ಇಲ್ಲಿ ಆವೃತ್ತಿ ತೀರ ವೇಗವಾಗಿ ಬಿದ್ದದ್ದರಿಂದ ಜಡತ್ವದ ಪ್ರಶ್ನೆಯೂ ನಿಜವಾಗಿತ್ತು. ಬಳಿಕ ಅವರು ಹೊಂದಾಣಿಕೆಗಳನ್ನು ಬದಲಿಸಿದರು. ದೊಡ್ಡ ಬ್ಯಾಟರಿಯನ್ನು ನಿಲ್ಲಿಸಿದರು. ಇಂಧನವಿಲ್ಲದೆ ಜಾಲದೊಡನೆ ತಿರುಗುತ್ತ ಜಡತ್ವವನ್ನೂ ರಿಯಾಕ್ಟಿವ್ ಪವರನ್ನೂ ಒದಗಿಸುವ ಸಿಂಕ್ರೊನಸ್ ಕಂಡೆನ್ಸರ್ ಎಂಬ ನಾಲ್ಕು ಯಂತ್ರಗಳನ್ನು 2021ರ ವೇಳೆಗೆ ಸ್ಥಾಪಿಸಿದರು. ಪವನ, ಸೌರ ವಿದ್ಯುತ್ತನ್ನು ಕೈಬಿಡಲಿಲ್ಲ.

ನಮ್ಮ ಜಾಲ

ಭಾರತದ ಅತಿ ದೊಡ್ಡ ಕುಸಿತಕ್ಕೂ ಸೌರ ವಿದ್ಯುತ್ತಿಗೂ ಸಂಬಂಧವಿರಲಿಲ್ಲ. 2012ರ ಜುಲೈ 30ರ ನಸುಕಿನಲ್ಲಿ ಉತ್ತರದ ಜಾಲ, ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಬಿದ್ದವು. ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ತಂತಿಯಲ್ಲಿ ದೋಷವಿರಲಿಲ್ಲ, ಭಾರ ವಿಪರೀತವಾಗಿತ್ತು. ಅದನ್ನೇ ದೋಷವೆಂದು ತಿಳಿದ ರಿಲೇ ತಂತಿಯನ್ನು ಕಡಿಯಿತು. ಆಗ ಕರ್ನಾಟಕ ಬಚಾವಾಯಿತು. ದಕ್ಷಿಣದ ಜಾಲ ಉಳಿದ ದೇಶದೊಡನೆ ಏಕಮುಖ ವಿದ್ಯುತ್ ಸಂಪರ್ಕಗಳಿಂದ ಮಾತ್ರ ಜೋಡಿತವಾಗಿ ತನ್ನದೇ ಆವೃತ್ತಿಯಲ್ಲಿ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ತಂತಿ ಜೋಡಣೆಯಾದ ಮೇಲೆ ಇಡೀ ದೇಶ ಒಂದೇ ಆವೃತ್ತಿಯ ಜಾಲವಾಯಿತು. ಅದರಿಂದ ಬಲವೂ ಬಂತು, ಪರಸ್ಪರ ಅವಲಂಬನೆಯೂ ಬಂತು.

2025ರಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧಭಾಗ ಪಳೆಯುಳಿಕೆ ಇಂಧನವಲ್ಲದ ಮೂಲಗಳದ್ದಾಯಿತು. 2030ಕ್ಕೆ ಅಂಥ ಸಾಮರ್ಥ್ಯವನ್ನು 500 ಗಿಗಾವ್ಯಾಟಿಗೆ ಏರಿಸುವ ಗುರಿಯಿದೆ. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ, ರಾಜಸ್ಥಾನದ ಮರುಭೂಮಿಯ ಸ್ಥಾವರಗಳು ಬೇಡಿಕೆಯ ಕೇಂದ್ರಗಳಿಂದ ದೂರ, ಉದ್ದನೆಯ ತಂತಿಗಳ ಕೊನೆಯಲ್ಲಿವೆ. ಬೆಳಗ್ಗೆ, ಸಂಜೆ ಆ ತಂತಿಗಳ ಮೇಲಿನ ಭಾರ ಬಹಳ ಇಳಿಯುತ್ತದೆ. ವೋಲ್ಟೇಜಿನ ಪ್ರಶ್ನೆ ಎಲ್ಲಿ ಏಳುತ್ತದೆಂದು ಈಗ ನೀವೇ ಹೇಳಬಲ್ಲಿರಿ.

ಕಾಗದದ ಮೇಲೆ ನಮ್ಮ ನಿಯಮ ಸ್ಪೇನಿನದಕ್ಕಿಂತ ಮುಂದಿದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಜಾಲ ಸಂಪರ್ಕ ಮಾನದಂಡಗಳು ಸೌರ, ಪವನ ಸ್ಥಾವರಗಳು 0.95 ಶಕ್ತಿ ಗುಣಕದ ಎರಡೂ ಬದಿಗೆ ಬದಲಾಗುತ್ತ ರಿಯಾಕ್ಟಿವ್ ಪವರ್ ಒದಗಿಸಬಲ್ಲವಾಗಿರಬೇಕು, ವೋಲ್ಟೇಜಿನ ಕ್ಷಣಿಕ ಏರಿಳಿತಗಳನ್ನು ಕಡಿದುಕೊಳ್ಳದೆ ತಾಳಿಕೊಳ್ಳಬೇಕು ಎನ್ನುತ್ತವೆ. ಆದರೂ 2022ರಿಂದ ಈಚೆಗೆ ರಾಜಸ್ಥಾನದಲ್ಲಿ ಒಂದೇ ಬಾರಿಗೆ ಸಾವಿರ ಮೆಗಾವ್ಯಾಟಿಗೂ ಹೆಚ್ಚು ಸೌರ ಉತ್ಪಾದನೆ ಕಡಿದುಹೋದ ಪ್ರಸಂಗಗಳು ಪದೇ ಪದೇ ನಡೆದಿವೆ. ತನಿಖೆಯಲ್ಲಿ ಹಲವು ಸ್ಥಾವರಗಳು ಈ ತಾಳಿಕೆಯ ನಿಯಮವನ್ನು ಪಾಲಿಸದಿರುವುದು ಕಂಡುಬಂದಿದೆ. ಜಾಲ ಬೀಳಲಿಲ್ಲ, ಏಕೆಂದರೆ ಅದು ದೊಡ್ಡದು. ಆದರೆ ಸೌರ ಪಾಲು ಹೆಚ್ಚಿದಂತೆ ದೊಡ್ಡದೆಂಬ ಈ ರಕ್ಷಣೆ ಸವೆಯುತ್ತ ಹೋಗುತ್ತದೆ. ನಿಯಮ ಬರೆಯುವುದರೊಡನೆ ಕೆಲಸ ಮುಗಿಯುವುದಿಲ್ಲ. ಪ್ರತಿ ಸ್ಥಾವರದ ಇನ್‌ವರ್ಟರನ್ನು ನಿಂತಲ್ಲಿಯೇ ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರೂ ನೋಡುವಂತೆ ಇಡಬೇಕು.

ತರಗತಿಯಲ್ಲಿ

ಅಧ್ಯಾಪಕರಿಗೆ ಒಂದು ವಿನಂತಿ. ವ್ಯಾಟ್‌ರಹಿತ ಪ್ರವಾಹವನ್ನು ಪರೀಕ್ಷೆಯ ಒಂದು ಸಣ್ಣ ಪ್ರಶ್ನೆಯೆಂದು ದಾಟಿಹೋಗಬೇಡಿ. ಮೇಲಿನ 500 ಮತ್ತು 300 ಮೆಗಾವ್ಯಾಟುಗಳ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ, ಶಕ್ತಿ ಗುಣಕ 0.95 ಆದರೆ ಏನಾಗುತ್ತದೆಂದು ಕೇಳಿ. ಬಳಿಕ ಇನ್ನೊಂದು ಪ್ರಶ್ನೆ ಹಾಕಿ: ವೋಲ್ಟೇಜು ಏರುತ್ತಿರುವ ಜಾಲದಲ್ಲಿ ಗ್ರಾಹಕರನ್ನು ಕಡಿಯುವುದು ಸರಿಯೆ? ಈ ಎರಡಕ್ಕೆ ಉತ್ತರ ಕೊಡಬಲ್ಲ ವಿದ್ಯಾರ್ಥಿ ಐಬೀರಿಯದ ಕುಸಿತದ ಬಗ್ಗೆ ಆ ವಾರ ಪ್ರಕಟವಾದ ಬಹುಪಾಲು ಬರಹಗಳಿಗಿಂತ ಹೆಚ್ಚು ತಿಳಿದಿರುತ್ತಾನೆ.

ಮುಂದಿನ ಬಾರಿ ಎಲ್ಲಿಯಾದರೂ ಜಾಲ ಕುಸಿದ ಸುದ್ದಿ ಬಂದಾಗ ವಿದ್ಯುತ್ತು ಯಾವುದರಿಂದ ಬರುತ್ತಿತ್ತು ಎಂದು ಕೇಳುವುದಕ್ಕೆ ಮೊದಲು ಮೂರು ಪ್ರಶ್ನೆ ಕೇಳಿ. ಮೊದಲು ಕೈಮೀರಿದ್ದು ಆವೃತ್ತಿಯೆ, ವೋಲ್ಟೇಜೆ? ಅದನ್ನು ಆ ಸ್ಥಳದಲ್ಲಿ ಕಾಯುವ ಹೊಣೆ ಯಾರದಾಗಿತ್ತು? ಅವರು ಕಾಯುತ್ತಿದ್ದಾರೆಂದು ಯಾರು, ಯಾವಾಗ ಪರೀಕ್ಷಿಸಿದ್ದರು? ಕಲ್ಲಿದ್ದಲಿನ ಜಾಲಕ್ಕೂ ಬಿಸಿಲಿನ ಜಾಲಕ್ಕೂ ಈ ಪ್ರಶ್ನೆಗಳು ಒಂದೇ.